ಹದಿನೇಳನೆಯ ಹೆಂಗಸು

ಕುಷಾಯಿಗೂಡ, ಹೈದರಾಬಾದ್
9 ಜೂನ್ 2024

ಐಶೂ,

ಕಾಗದ ನೋಡಿ ಗಾಬರಿಯಾಗಬೇಡ. ಎಲ್ಲರೂ ಆರಾಮಿದ್ದೇವೆ. ಈಗಿನ ಕಾಲದಲ್ಲಿ ಅಂಚೆಯವನು ಬಾಗಿಲಿಗೆ ಬಂದರೆ ಯಾರಿಗೋ ಏನೋ ಆಗಿದೆ ಎಂದೇ ಎದೆ ಹೊಡೆದುಕೊಳ್ಳುತ್ತದೆ, ಗೊತ್ತು. ಆದರೆ ಫೋನಿನಲ್ಲಿ ನಾನು ನಿನ್ನ ಜೊತೆ ಮಾತಾಡಿದ್ದು ಯಾವಾಗ ಹೇಳು. ನಿನ್ನ ಹೆಸರು ಕಂಡ ಕೂಡಲೇ ನಿಮ್ಮಪ್ಪ ಸ್ಪೀಕರ್ ಹಾಕುತ್ತಾರೆ. ನೀನು "ಅವ್ವಾ, ಹೆಂಗಿದ್ದಿ" ಎಂದು ಕೇಳಿದರೆ "ಆರಾಮದಾಳ ನಿಮ್ಮವ್ವ" ಎಂದು ಅವರೇ ಹೇಳುತ್ತಾರೆ. ನನ್ನ ಮೊಣಕಾಲು ನೋವು, ನಾನು ಹಲ್ಲು ಕೀಳಿಸಿದ್ದು, ನನಗೆ ಬಿದ್ದ ಕನಸು ಕೂಡ ಅವರ ಬಾಯಿಂದಲೇ ನಿನಗೆ ತಲುಪುತ್ತದೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಕಾರ್ಖಾನೆಯಲ್ಲಿದ್ದಷ್ಟು ದಿನ ಯೂನಿಯನ್ ಪರವಾಗಿ ಮಾತಾಡಿದ ಬಾಯಿ, ರಿಟೈರ್ ಆದ ಮೇಲೆ ನನ್ನ ಪರವಾಗಿ ಮಾತಾಡುತ್ತಿದೆ.

ಹೋದ ವಾರ ನೀನು ಅವರಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ನಿನ್ನ ಪಿಎಚ್‌ಡಿ ಈ ಊರಿನ ಮಹಿಳಾ ಕಾರ್ಪೊರೇಟರುಗಳ ಮೇಲಂತೆ. ಮೀಸಲು ವಾರ್ಡಿನಿಂದ ಗೆದ್ದ ಹೆಂಗಸರು ತಾವೇ ಅಧಿಕಾರ ನಡೆಸುತ್ತಾರೋ, ಅವರ ಹೆಸರಿನಲ್ಲಿ ಮನೆಯ ಗಂಡಸರು ನಡೆಸುತ್ತಾರೋ ಎಂದು ಒಬ್ಬೊಬ್ಬರನ್ನೂ ಕೇಳಿ ಬರೆಯುತ್ತೀಯಂತೆ. ನಿಮ್ಮಪ್ಪನಿಗೆ ಭಾರಿ ಖುಷಿ. ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದಿದ್ದಾರೆ. ನಾನು ಮಾತ್ರ ಅಂದಿನಿಂದ ಒಂದೇ ಯೋಚನೆ ಮಾಡುತ್ತಿದ್ದೇನೆ. ಐದು ವರ್ಷ ನಾನೂ ಬಲ್ದಿಯಾದ ಸಭೆಯಲ್ಲಿ ಕೂತು ಬಂದವಳಲ್ಲವೇ? ನಗರಪಾಲಿಕೆಯ ಚುನಾವಣೆಗೆ ಈ ವಾರ್ಡನ್ನು ಹಿಂದುಳಿದ ವರ್ಗದ ಹೆಂಗಸರಿಗೆ ಮೀಸಲಿಟ್ಟಾಗ, ಹುಮನಾಬಾದಿನಿಂದ ಮದುವೆಯಾಗಿ ಬಂದ, ತೆಲುಗು ಬೋರ್ಡು ಓದಲು ಬಾರದ ನನ್ನನ್ನು ಪಾರ್ಟಿಯವರು ನಿಲ್ಲಿಸಿದರು. ಗೆದ್ದೆ. ಊರೆಲ್ಲ ಕೇಳುವವಳು ಹೆತ್ತವಳನ್ನು ಯಾಕೆ ಕೇಳುವುದಿಲ್ಲ?

ಕಾರಣ ನನಗೆ ಗೊತ್ತಿಲ್ಲದೆ ಇಲ್ಲ. ಮಹಿಳಾ ದಿನಕ್ಕೆ ನಿನ್ನ ಕಾಲೇಜಿಗೆ ನೀನೇ ನನ್ನನ್ನು ಕರೆಸಿದೆ, ನಾನು ವೇದಿಕೆಯ ಮೇಲೆ ಕೂತಿದ್ದೆ, ಮಾತಾಡಿದ್ದು ನಿಮ್ಮಪ್ಪ. ಅವತ್ತು ಮನೆಗೆ ಬಂದು ನೀನು ಹೇಳಿದೆ, "ನೀ ಕಾರ್ಪೊರೇಟರ್ ಅಲ್ಲ ಅವ್ವಾ, ಅಪ್ಪನ ಸಹಿ." ಮರುವರ್ಷ ದಿಲ್ಲಿಗೆ ಹೋದೆ. ಆಮೇಲೆ ಬಂದದ್ದು ಎರಡು ಸಲ, ಅದೂ ಬೇರೆಯವರ ಮದುವೆಗೆ.

ಸಿಟ್ಟಿನಿಂದ ಬರೆಯುತ್ತಿಲ್ಲ. ನೀನು ಒಂದು ಸಲ ನನ್ನೆದುರು ಕೂತು ಕೇಳಬೇಕು ಎನ್ನುವುದು ನನ್ನ ಆಸೆ. ಬೇರೆ ಹೆಂಗಸರನ್ನು ಹೇಗೆ ಕೇಳುತ್ತೀಯೋ ಹಾಗೆ. ಉತ್ತರ ನನ್ನ ಹತ್ತಿರ ಇದೆ.

ನಿನ್ನ ಅವ್ವ,
ಗಿರಿಜಾಬಾಯಿ

*

ದಿಲ್ಲಿ
2 ಜುಲೈ 2024

ಅವ್ವಾ,

ನಿನ್ನ ಕಾಗದ ತಲುಪಿತು. ನಿನ್ನ ಅಕ್ಷರ ಹಾಗೇ ಇದೆ.

ಸಂಶೋಧನೆಯಲ್ಲಿ ನಿಯಮ ಇರುತ್ತದೆ. ಸ್ವಂತ ಮನೆಯವರ ಸಂದರ್ಶನ ಮಾಡಿದರೆ ಅದಕ್ಕೆ ಬೆಲೆ ಇರುವುದಿಲ್ಲ. ಹಾಗಾಗಿ ನಿನ್ನ ವಾರ್ಡನ್ನು ಶುರುವಿನ ಪಟ್ಟಿಗೆ ಹಾಕಿಲ್ಲ. ಮಾತಾಡಿಸುವ ಕೆಲಸವನ್ನೂ ನಾನು ಮಾಡುತ್ತಿಲ್ಲ. ಅಲ್ಲಿ ಒಬ್ಬ ಸಹಾಯಕಿಯನ್ನು ಗೊತ್ತು ಮಾಡಿದ್ದೇನೆ. ಒಬ್ಬ ಹೆಂಗಸನ್ನು ಮಾತಾಡಿಸಿ, "ನಿಮ್ಮ ಹಾಗೆ ಗೆದ್ದವರು ಇನ್ನು ಯಾರಿದ್ದಾರೆ" ಎಂದು ಅವರನ್ನೇ ಕೇಳಿ, ಅವರು ಹೇಳಿದವರ ಮನೆಗೆ ಹೋಗುವುದು. ಹೀಗೆ ಒಬ್ಬರಿಂದ ಒಬ್ಬರು. ಹೆಸರು, ಊರು, ಪಾರ್ಟಿ ಎಲ್ಲ ತೆಗೆದು, ಇಂಗ್ಲಿಷಿನಲ್ಲಿ ಟೈಪು ಮಾಡಿ, ಒಂದು ನಂಬರು ಹಾಕಿ ನನಗೆ ಕಳಿಸುತ್ತಾಳೆ. ರೆಕಾರ್ಡು ಮಾಡಿದ ದನಿಯನ್ನು ಅಳಿಸಿಬಿಡುತ್ತಾಳೆ. ಯಾರು ಯಾರೆಂದು ನನಗೂ ಗೊತ್ತಾಗಬಾರದು.

ಇದು ನಿಯಮದ ಮಾತು. ನೀನು ನೇರವಾಗಿ ಬರೆದಿದ್ದೀ, ನಾನೂ ಬರೆಯುತ್ತೇನೆ. ನಿಯಮ ಇಲ್ಲದಿದ್ದರೂ ನಾನು ಕೇಳುತ್ತಿರಲಿಲ್ಲ. ನಾನು ಪ್ರಶ್ನೆ ಕೇಳುತ್ತೇನೆ, ನೀನು ಅಪ್ಪನ ಮುಖ ನೋಡುತ್ತೀ, ಅಪ್ಪ ಉತ್ತರ ಕೊಡುತ್ತಾನೆ. ಅದನ್ನು ಇನ್ನೊಂದು ಸಲ ನೋಡುವ ಶಕ್ತಿ ನನಗಿಲ್ಲ.

ಬೋನಾಲು ಹಬ್ಬಕ್ಕೆ ಬರಲು ಆಗುವುದಿಲ್ಲ. ಮೊಣಕಾಲಿಗೆ ಒಳ್ಳೆಯ ಡಾಕ್ಟರನ್ನು ನೋಡು.

ಐಶ್ವರ್ಯಾ

*

ಕುಷಾಯಿಗೂಡ
29 ಜುಲೈ 2024

ಐಶೂ,

ಬೋನಾಲು ಆಯಿತು. ಓಣಿಯ ಹೆಣ್ಣುಮಕ್ಕಳೆಲ್ಲ ತಲೆಯ ಮೇಲೆ ಕೊಡ ಹೊತ್ತು ನಮ್ಮ ಗೇಟಿನ ಮುಂದೆ ಹಾದುಹೋದರು. ಈ ಸಲ ಎದುರುಮನೆಯವರ ಮಗಳು ಶಂಶಾಬಾದಿನ ಏರ್‌ಪೋರ್ಟ್ ಕೆಲಸಕ್ಕೆ ರಜೆ ಹಾಕಿ ಬಂದು ಕೊಡ ಹೊತ್ತಳು. ಅವಳ ತಾಯಿ ನನ್ನನ್ನು ನೋಡಿ, ನಿಮ್ಮ ಮಗಳು ಬರಲಿಲ್ಲವೇ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮಪ್ಪ ನಿನ್ನ ಪಿಎಚ್‌ಡಿಯ ಕಥೆ ಶುರು ಮಾಡಿದರು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ನಾನು ಒಳಗೆ ಹೋಗಿ ಚಹಾ ಇಟ್ಟೆ.

ನಿನ್ನ ನಿಯಮ ಅರ್ಥವಾಯಿತು. ನಿಯಮದ ಕೆಳಗೆ ಬರೆದದ್ದು ಇನ್ನೂ ಚೆನ್ನಾಗಿ ಅರ್ಥವಾಯಿತು. ಇನ್ನು ಕೇಳುವುದಿಲ್ಲ.

ನಿನ್ನ ಕೋಣೆಯ ಫ್ಯಾನು ರಿಪೇರಿ ಮಾಡಿಸಿದ್ದೇನೆ. ಬಾ ಎಂದು ಒತ್ತಾಯ ಮಾಡಲು ಹೇಳಿದ್ದಲ್ಲ. ಹಾಗೇ ಹೇಳಿದೆ.

ಅವ್ವ

*

ಕುಷಾಯಿಗೂಡ
25 ಆಗಸ್ಟ್ 2024

ಚಿರಂಜೀವಿ ಶ್ರೀವಿದ್ಯಾಗೆ,

ನಿನ್ನೆ ನೀನು ಸಂದರ್ಶನ ಮುಗಿಸಿ ಹೋದ ಮೇಲೆ ನನಗೆ ಸಮಾಧಾನವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉಪ್ಪಲ್‌ನ ನಿನ್ನ ರೂಮಿನ ವಿಳಾಸವನ್ನು ಅನ್ನಮ್ಮನಿಂದ ಇಸಿದುಕೊಂಡೆ. ಪಕ್ಕದ ವಾರ್ಡಿನ ಕಾರ್ಪೊರೇಟರ್ ಆಗಿದ್ದ ಆಕೆಯೇ ಅಲ್ಲವೇ ನನ್ನ ಹೆಸರನ್ನು ನಿನಗೆ ಹೇಳಿದ್ದು. ದೇವರು ಆಕೆಯನ್ನು ಚೆನ್ನಾಗಿಟ್ಟಿರಲಿ.

ನೀನು ಮೈಸೂರಿನವಳೆಂದು ತಿಳಿದಾಗ ಎಷ್ಟು ಹಗುರವಾಯಿತು ಗೊತ್ತೇ? ಈ ಊರಿನಲ್ಲಿ ನಾನು ಕಾರ್ಪೊರೇಟರ್ ಆಗಿದ್ದ ದಿನಗಳ ಬಗ್ಗೆ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು. ಚುನಾವಣೆಯಲ್ಲಿ ಎದುರು ಪಾರ್ಟಿಯವರು ಮನೆ ಮನೆಗೆ ಹೋಗಿ, ಈಕೆ ಕರ್ನಾಟಕದವಳು, ಇಲ್ಲಿನವಳಲ್ಲ ಎಂದು ಹೇಳಿದ್ದರು. ಆಮೇಲೆ ಓಣಿಯಲ್ಲಿ ಕನ್ನಡ ಮಾತಾಡಲೂ ಹಿಂಜರಿದೆ. ನಿನ್ನ ಮೊದಲ ಪ್ರಶ್ನೆಗೆ, ನನ್ನ ಹೆಸರೇನೆಂದು ಕೇಳಿದ್ದಕ್ಕೆ, ನಮ್ಮ ಯಜಮಾನರು ಉತ್ತರ ಕೊಟ್ಟರು. ಆಗ ನೀನು ಪೆನ್ನಿನಿಂದ ಏನೋ ಗುರುತು ಹಾಕಿದೆ, ನಾನು ನೋಡಿದೆ. ಅದಕ್ಕೇ ಅವರನ್ನು ದೂರದ ಆಬಿಡ್ಸ್‌ವರೆಗೆ ಬಿಸ್ಕತ್ತು ತರಲು ಅಟ್ಟಿದೆ. ಇಲ್ಲೇ ತಿರುವಿನಲ್ಲಿ ಬೇಕರಿ ಇದೆ. ಆದರೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಅವರು ಬರುವಷ್ಟರಲ್ಲಿ ನನಗೆ ಬೇಕಾದಷ್ಟು ಹೊತ್ತು ಸಿಕ್ಕಿತು.

ಎಲ್ಲ ಮುಗಿದು ಚಹಾ ಕುಡಿಯುವಾಗ ನೀನು ಷೋಕೇಸಿನಲ್ಲಿದ್ದ ಫೋಟೋ ನೋಡಿ, "ಇವರು ಐಶ್ವರ್ಯಾ ಮೇಡಂ ಅಲ್ವಾ" ಎಂದು ಕೇಳಿದೆ. ನಿನ್ನ ಮುಖದ ಬಣ್ಣವೇ ಹೋಯಿತು. ತನ್ನ ತಾಯಿ ಇದೇ ಊರಿನಲ್ಲಿದ್ದಾಳೆ, ಕಾರ್ಪೊರೇಟರ್ ಆಗಿದ್ದಳು ಎಂದು ಅವಳು ನಿನಗೆ ಹೇಳಿಯೇ ಇರಲಿಲ್ಲ. ಅದು ನನಗೆ ನೋವಾಯಿತು. ಆದರೆ ಹೇಳಿದ್ದರೆ ನೀನು ನನ್ನ ಬಾಗಿಲಿಗೆ ಬರುತ್ತಲೇ ಇರಲಿಲ್ಲ.

ಈಗ ನನ್ನ ಕೋರಿಕೆ. ನಾನು ಹೇಳಿದ್ದನ್ನು ಉಳಿದವರ ಮಾತಿನ ಹಾಗೆಯೇ ಟೈಪು ಮಾಡಿ ನಂಬರು ಹಾಕಿ ಕಳಿಸು. ಯಾರೆಂದು ಹೇಳಬೇಡ. ನೀನೇ ನನಗೆ ಓದಿ ಹೇಳಿ ಸಹಿ ಹಾಕಿಸಿಕೊಂಡ ಕಾಗದದಲ್ಲಿ, ನನ್ನ ಒಪ್ಪಿಗೆ ಇಲ್ಲದೆ ನನ್ನ ಹೆಸರನ್ನು ಯಾರಿಗೂ ತಿಳಿಸುವುದಿಲ್ಲ ಎಂದಿದೆ. ನಾನು ಒಪ್ಪಿಗೆ ಕೊಡುವುದಿಲ್ಲ. ಐದು ವರ್ಷ ಬೇರೆಯವರು ತೋರಿಸಿದಲ್ಲಿ ಸಹಿ ಹಾಕಿದ್ದೇನೆ, ಈ ಒಂದು ಸಹಿಯಾದರೂ ನನ್ನ ಮಾತು ಕೇಳಲಿ.

ನಾನೆಂದು ಗೊತ್ತಾದರೆ ಅವಳು ಓದುವುದಿಲ್ಲ, ಮಗೂ. ಓದಲಿ ಎನ್ನುವುದಷ್ಟೇ ನನಗೆ ಬೇಕಾದದ್ದು.

ಇತಿ,
ಗಿರಿಜಾಬಾಯಿ ಶಾಂತಪ್ಪ

*

ದಿಲ್ಲಿ
20 ಅಕ್ಟೋಬರ್ 2024

ಅವ್ವಾ,

ಇಷ್ಟು ದಿನ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಇವತ್ತು ಬರೆಯಲೇಬೇಕು ಎನಿಸಿತು. ಇಲ್ಲಿ ನನ್ನ ಜೊತೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ, ಬಲ್ದಿಯಾ ಎಂದರೇನು ಎಂದು ಗೊತ್ತಿರುವವರಿಗೇ ಹೇಳಬೇಕು.

ಸಂದರ್ಶನಗಳು ಬರುತ್ತಿವೆ. ಹದಿನೇಳನೆಯ ನಂಬರಿನ ಹೆಂಗಸೊಬ್ಬರಿದ್ದಾರೆ. ಯಾರೋ ಗೊತ್ತಿಲ್ಲ. ಅವರ ಪುಟದ ಮೇಲೆ ಸಹಾಯಕಿ ಮೊದಲು "ಗಂಡನೇ ಮಾತಾಡುವ ಮನೆ" ಎಂದು ಗುರುತು ಹಾಕಿ, ಆಮೇಲೆ ಹೊಡೆದು ಹಾಕಿದ್ದಾಳೆ. ಆ ಹೆಂಗಸು ಹೇಳುತ್ತಾರೆ: "ಗೇಟಿಗೆ ಬಂದವರು ಕಾರ್ಪೊರೇಟರ್ ಸಾಬ್ ಇದ್ದಾರಾ ಎಂದು ನನ್ನನ್ನೇ ಕೇಳುತ್ತಿದ್ದರು. ಇದ್ದಾರೆ, ಸ್ನಾನ ಮಾಡುತ್ತಿದ್ದಾರೆ, ಕೂತುಕೊಳ್ಳಿ ಎಂದು ಕುರ್ಚಿ ಹಾಕುತ್ತಿದ್ದೆ. ಗೆದ್ದವಳು ನಾನು ಎನ್ನುವುದು ನನಗೇ ಮರೆಯುತ್ತಿತ್ತು. ಮರೆತ ದಿನ ಅಡುಗೆ ಚೆನ್ನಾಗಿ ಆಗುತ್ತಿತ್ತು, ನೆನಪಾದ ದಿನ ಕೈ ಸುಟ್ಟುಕೊಳ್ಳುತ್ತಿದ್ದೆ."

ನಮ್ಮ ಮನೆಗೂ ಜನ ಹಾಗೇ ಬರುತ್ತಿದ್ದರಲ್ಲ? ನೀನು ನಕ್ಕು ಒಳಗೆ ಹೋಗುತ್ತಿದ್ದೆ. ಈಕೆಗೆ ಅದು ಚುಚ್ಚಿದೆ.

ಇನ್ನೊಂದು ಕಡೆ ಒಂದು ಸಭೆಯ ಮಾತಿದೆ. ಯಾವ ಸಭೆ, ಎಲ್ಲಿ ಎನ್ನುವುದನ್ನು ಸಹಾಯಕಿ ತೆಗೆದಿದ್ದಾಳೆ. ವಾರವಿಡೀ ಒಲೆಯ ಮುಂದೆ ಭಾಷಣ ಬಾಯಿಪಾಠ ಮಾಡಿದ್ದರಂತೆ. ಮೈಕು ಗಂಡನ ಕೈಗೆ ಹೋಯಿತು, ಈಕೆಯ ತನಕ ಬರಲೇ ಇಲ್ಲ. ಅವರು ಹೇಳುತ್ತಾರೆ: "ಎದುರಿಗೆ ಒಬ್ಬ ಹುಡುಗಿ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ನಗುತ್ತಿದ್ದೆ, ನಗದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಆಮೇಲೆ ಚುನಾವಣೆ ಸೋತೆ, ಸಾವಿರಾರು ಜನ ಕೈಬಿಟ್ಟರು, ನಿದ್ದೆ ಬಂತು. ಆ ಒಬ್ಬಳು ಕೈಬಿಟ್ಟದ್ದಕ್ಕೆ ಇವತ್ತಿಗೂ ನಿದ್ದೆ ಬರುವುದಿಲ್ಲ."

ಓದಿ ನಮ್ಮ ಕಾಲೇಜಿನ ಸಭೆ ನೆನಪಾಯಿತು. ಇಂಥ ಸಭೆ ಎಲ್ಲರ ಪಾಲಿಗೂ ಒಂದು ಬಂದಿದೆ, ಬೇರೆ ನಂಬರುಗಳೂ ಹೇಳಿವೆ. ಆದರೆ ಹೀಗೆ ಯಾರೂ ಹೇಳಿಲ್ಲ. ಆ ಹುಡುಗಿ ಯಾರೋ, ಎಲ್ಲಿದ್ದಾಳೋ. ಅವಳಿಗೆ ಇದು ಗೊತ್ತಾಗಬೇಕಿತ್ತು ಅನಿಸಿ ಅಳು ಬಂತು, ಅವ್ವಾ. ನನ್ನ ಪ್ರಬಂಧದ ಅತ್ಯುತ್ತಮ ಅಧ್ಯಾಯ ಈಕೆಯ ಮೇಲೆಯೇ ನಿಲ್ಲುತ್ತದೆ.

ನೋಯಿಸಲು ಬರೆಯುತ್ತಿಲ್ಲ. ನೀನೂ ಒಂದು ದಿನ ಹೀಗೆ ಮಾತಾಡಿದ್ದರೆ ಎಂದು ಅನಿಸಿತು, ಅಷ್ಟೇ.

ಐಶೂ

*

ಕುಷಾಯಿಗೂಡ
8 ನವೆಂಬರ್ 2024

ಐಶೂ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಬಹಳ ದಿನಗಳ ಮೇಲೆ ಐಶೂ ಎಂದು ಸಹಿ ಹಾಕಿದ್ದೀ.

ದೀಪಾವಳಿಯ ಕೆಲಸದಲ್ಲಿ ಬರೆಯುವುದು ತಡವಾಯಿತು. ನಿಜ ಹೇಳಬೇಕೆಂದರೆ ಕೆಲಸ ಹೆಚ್ಚಿರಲಿಲ್ಲ, ಏನು ಬರೆಯಬೇಕೆಂದು ತಿಳಿಯಲಿಲ್ಲ. ಆ ಹೆಂಗಸು ಅಷ್ಟೆಲ್ಲ ಹೇಳಿದರೆ? ಪಾಪ. ನಿನಗೆ ಅವರು ಇಷ್ಟವಾದದ್ದು ನನಗೂ ಸಂತೋಷ. ಸಂತೋಷ ಎಂದು ಬರೆದೆ, ಆದರೆ ಬರೆಯುವಾಗ ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲಿದ್ದೂ ಗೊತ್ತಾಗಲಿಲ್ಲ. ನಿಮ್ಮಪ್ಪ ಬಂದು ಗ್ಯಾಸು ಬಂದ್ ಮಾಡಿ, ಒಂದೂ ಮಾತಾಡದೆ ಕಟ್ಟೆ ಒರೆಸಿದರು. ಅವರಿಗೂ ಮಾತಿಲ್ಲದ ಹೊತ್ತು ಇರುತ್ತದೆ.

ಒಂದು ಕೇಳಲೇ? ಆ ಹೆಂಗಸು ಎದುರಿಗೆ ಸಿಕ್ಕರೆ ನೀನು ಏನು ಕೇಳುತ್ತೀ?

ಅವ್ವ

*

ದಿಲ್ಲಿ
1 ಡಿಸೆಂಬರ್ 2024

ಅವ್ವಾ,

ನೀನು ಕೇಳಿದ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ನನ್ನ ಗೈಡ್ ಹತ್ತಿರ ಹೋಗಿ, ಹದಿನೇಳನೆಯವರನ್ನು ನಾನೇ ಕಂಡು ಮಾತಾಡಬೇಕು ಎಂದು ಹೇಳಿದೆ. ಆ ಹೆಂಗಸು ಒಪ್ಪಿದರೆ ಹೋಗು ಎಂದರು. ಸಹಾಯಕಿ ಶ್ರೀವಿದ್ಯಾಳಿಗೆ ಹೇಳಿದ್ದೇನೆ, ಅವಳು ಯಾಕೋ ತಡವರಿಸುತ್ತಿದ್ದಾಳೆ, ಕೇಳಿ ಹೇಳುತ್ತೇನೆ ಎಂದಿದ್ದಾಳೆ. ಟಿಕೆಟ್ ತೆಗೆದಿದ್ದೇನೆ. ಜನವರಿ ಹನ್ನೊಂದು ಶನಿವಾರ ಬರುತ್ತೇನೆ. ಭಾನುವಾರ ಅವರ ಮನೆಗೆ. ಸೋಮವಾರ ಬೆಳಿಗ್ಗೆ ವಾಪಸು.

ಯೂನಿವರ್ಸಿಟಿಯ ಗೆಸ್ಟ್ ಹೌಸಿನಲ್ಲಿ ಇರುತ್ತೇನೆ. ಮನೆಗೆ ಬಂದರೆ ಅಪ್ಪ ನಾಲ್ಕು ಜನರನ್ನು ಕರೆಸಿಬಿಡುತ್ತಾನೆ, ನನಗೆ ಕೆಲಸದ ಮೇಲೆ ಮನಸ್ಸು ನಿಲ್ಲುವುದಿಲ್ಲ. ಆದರೆ ಶನಿವಾರ ಸಂಜೆ ಸಾಧ್ಯವಾದರೆ ಬಂದು ಊಟ ಮಾಡಿ ಹೋಗುತ್ತೇನೆ. ಸಾಧ್ಯವಾದರೆ ಎಂದಿದ್ದೇನೆ, ಕಾಯುತ್ತ ಕೂರಬೇಡ.

ಐಶೂ

*

ಕುಷಾಯಿಗೂಡ
16 ಡಿಸೆಂಬರ್ 2024

ಐಶೂ,

ಶ್ರೀವಿದ್ಯಾ ನನ್ನ ಹತ್ತಿರ ಬಂದಿದ್ದಳು. ಅವಳನ್ನು ಬಯ್ಯಬೇಡ. ಅವಳು ಬಾಯಿ ಕಟ್ಟಿಕೊಂಡದ್ದು ನನ್ನ ಸಹಿಗೆ ಮರ್ಯಾದೆ ಕೊಟ್ಟು. ನೀನು ಭಾನುವಾರ ನೋಡಬೇಕೆಂದಿರುವ ಹೆಂಗಸು ನಾನೇ.

ಪಕ್ಕದ ವಾರ್ಡಿನ ಅನ್ನಮ್ಮ ನನ್ನ ಹೆಸರು ಹೇಳಿದಳು, ಶ್ರೀವಿದ್ಯಾ ಬಂದಳು, ನಾನು ಮಾತಾಡಿದೆ. ನಿನಗೆ ಮೋಸ ಮಾಡಬೇಕೆಂದು ಮಾಡಲಿಲ್ಲ. ನೀನು ಕೇಳುವುದಿಲ್ಲ ಎಂದೆ, ನಿನ್ನ ಪ್ರಶ್ನೆಗಳಾದರೂ ನನ್ನ ಮನೆಗೆ ಬಂದವು. ಬಿಡಲು ಮನಸ್ಸಾಗಲಿಲ್ಲ. ಒಂದೊಂದು ಪ್ರಶ್ನೆ ಕೇಳಿದಾಗಲೂ ಇದನ್ನು ನನ್ನ ಐಶೂ ಬರೆದದ್ದು ಎಂದುಕೊಂಡು ಉತ್ತರ ಕೊಟ್ಟೆ. ಆ ಸಭೆ ನಿನ್ನ ಕಾಲೇಜಿನದು. ಎದುರಿಗೆ ಕೂತ ಹುಡುಗಿ ನೀನು.

ನಿನ್ನ ಮೇಲೆ ನನಗೆ ಒಂದೇ ಒಂದು ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಹೆಸರು ತೆಗೆದು, ಊರು ತೆಗೆದು, ಕನ್ನಡ ತೆಗೆದು ಇಂಗ್ಲಿಷು ಮಾಡಿ, ಗಂಡ, ಮಗಳು ಎಲ್ಲರ ಗುರುತನ್ನೂ ಅಳಿಸಿದ ಮೇಲೆ ಏನು ಉಳಿಯಿತೋ ಅದು ನಿನಗೆ ಇಷ್ಟವಾಯಿತು. ಅವಳಿಗಾಗಿ ನೀನು ಅತ್ತೆ. ಅವಳನ್ನು ನೋಡಲು ದಿಲ್ಲಿಯಿಂದ ಬರುತ್ತೀ. ನನಗಾಗಿ ಸಾಧ್ಯವಾದರೆ ಒಂದು ಊಟ. ನಾನೇ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡೆ ಐಶೂ, ಇಂಥ ಸ್ಥಿತಿ ಶತ್ರುವಿಗೂ ಬೇಡ.

ಸುಮ್ಮನಿದ್ದು ಭಾನುವಾರದ ತನಕ ಕಾಯಬಹುದಿತ್ತು. ನೀನು ವಿಳಾಸ ಹಿಡಿದು ಬರುತ್ತಿದ್ದೆ, ನಾನು ಬಾಗಿಲು ತೆರೆಯುತ್ತಿದ್ದೆ. ಆಗ ನಿನ್ನ ಮುಖ ಸಣ್ಣದಾದರೆ ಅದನ್ನು ನೋಡುವ ಧೈರ್ಯ ನನಗಿಲ್ಲ. ಹಾಗಾಗಿ ಮೊದಲೇ ತಿಳಿಸಿದೆ. ನಾನೆಂದು ಗೊತ್ತಾದರೆ ನಿನ್ನ ಅಧ್ಯಾಯ ಕೆಡುತ್ತದೆ ಎಂದು ಶ್ರೀವಿದ್ಯಾ ಹೇಳಿದಳು. ಹೇಳುವ ಮುಂಚೆ ಅದನ್ನೂ ಬಹಳ ಯೋಚನೆ ಮಾಡಿದೆ. ನಿನ್ನ ಅಧ್ಯಾಯಕ್ಕಿಂತ ನನಗೆ ನೀನು ಬೇಕಾಯಿತು. ತಾಯಿಯಾದವಳು ಹೀಗೆ ಹೇಳಬಾರದೇನೋ, ಆದರೆ ಇದೇ ನಿಜ.

ನಿಮ್ಮಪ್ಪನಿಗೂ ಎಲ್ಲ ಹೇಳಿದೆ. ಆಗ ಅವರು ಕೇಳಿದರು, "ಅವತ್ತ ಮೈಕ್ ನನಗ ಬೇಕು ಅಂತ ಯಾಕ ಅನ್ನಲಿಲ್ಲ ಗಿರಿಜಾ, ಕೊಡ್ತಿದ್ನಲ್ಲ?" ನಾನು ಹೇಳಿದೆ, "ನಿಮ್ಮದು ಆಗಿದ್ರ ಬೇಡ್ತಿದ್ದೆ. ಅದು ನಂದೇ ಇತ್ರಿ."

ಹೆಸರು ಗೊತ್ತಾದ ಮೇಲೂ ಅವಳನ್ನು ನೋಡಲು ಬರುತ್ತೀಯಾ?

ನಿನ್ನ ಅವ್ವ,
ಗಿರಿಜಾಬಾಯಿ

*

ದಿಲ್ಲಿ
4 ಜನವರಿ 2025

ಅವ್ವಾ,

ಮೊದಲು ಸಿಟ್ಟು ಬಂತು. ಎರಡು ದಿನ ಪ್ರಬಂಧದ ಫೈಲನ್ನೇ ತೆರೆಯಲಿಲ್ಲ. ಆಮೇಲೆ ಆ ಪುಟಗಳನ್ನು ಎದುರಿಗಿಟ್ಟುಕೊಂಡು ಇಂಗ್ಲಿಷಿನ ಒಂದೊಂದು ಸಾಲನ್ನೂ ನಮ್ಮ ಮನೆಯ ಕನ್ನಡಕ್ಕೆ ತಿರುಗಿಸಿ ದೊಡ್ಡದಾಗಿ ಓದಿದೆ. ಎರಡನೆಯ ಸಾಲಿಗೇ ನೀನು ಬಂದುಬಿಟ್ಟೆ. ಮುಂದೆ ಓದಲು ಆಗಲಿಲ್ಲ. ಇಷ್ಟು ವರ್ಷ ಹೆಂಗಸರ ಮಾತು ಯಾರಿಗೂ ಕೇಳಿಸುವುದಿಲ್ಲ ಎಂದು ಬರೆಯುತ್ತಿರುವವಳು ನಾನು.

ಗೈಡ್‌ಗೆ ಎಲ್ಲ ಹೇಳಿದೆ. ಹದಿನೇಳನ್ನು ತೆಗೆಯಲೇಬೇಕು ಎಂದರು. ತೆಗೆದೆ. ಅಧ್ಯಾಯ ಕುಂಟುತ್ತಿದೆ, ಕುಂಟಲಿ. ಆ ಜಾಗಕ್ಕೆ ಬೇರೊಬ್ಬ ಹೆಂಗಸನ್ನು ಹುಡುಕಿ ಸೇರಿಸು, ಸಂಖ್ಯೆ ಸರಿಹೋಗುತ್ತದೆ ಎಂದು ಅವರು ಸಲಹೆ ಕೊಟ್ಟರು. ಆಗುವುದಿಲ್ಲ ಸರ್ ಎಂದೆ. ನಿನ್ನ ಜಾಗದಲ್ಲಿ ಇನ್ನು ಯಾರನ್ನೂ ಕೂಡಿಸುವುದಿಲ್ಲ. ನನ್ನ ಪ್ರಬಂಧದಲ್ಲಿ ಹದಿನಾರಾದ ಮೇಲೆ ಹದಿನೆಂಟು ಬರುತ್ತದೆ. ಪರೀಕ್ಷಕರು ಕೇಳಿದರೆ ಉತ್ತರ ಹೇಳಿಕೊಳ್ಳುತ್ತೇನೆ.

ಗೆಸ್ಟ್ ಹೌಸ್ ಬೇಡವೆಂದು ಹೇಳಿದ್ದೇನೆ. ಸೋಮವಾರದ ಟಿಕೆಟನ್ನೂ ರದ್ದು ಮಾಡಿದ್ದೇನೆ, ಸಂಕ್ರಾಂತಿ ಮುಗಿಸಿ ಹೋಗುತ್ತೇನೆ. ಅಪ್ಪ ಯಾರನ್ನು ಬೇಕಾದರೂ ಕರೆಸಲಿ.

ಶನಿವಾರ ಮಧ್ಯಾಹ್ನ ಮನೆಯಲ್ಲಿರುತ್ತೇನೆ. ನೀನು ಮಾತಾಡು ಅವ್ವಾ, ನಾನು ಎದುರಿಗೆ ಕೂರುತ್ತೇನೆ. ಏನನ್ನೂ ಬರೆದುಕೊಳ್ಳುವುದಿಲ್ಲ.

ನಿನ್ನ ಮಗಳು,
ಐಶೂ